ಅತ್ತೆಯ ಮೂಗು

ಅಕ್ಟೋಬರ್ 3, ಬೆಳಿಗ್ಗೆ 6
ಕಡಲಿನ ಮಂಜು ಇನ್ನೂ ಎದ್ದಿಲ್ಲ. ನೆಲಮಾಳಿಗೆಯಲ್ಲಿ ಕೈ ಮರಗಟ್ಟುತ್ತೆ. ನಲವತ್ತು ಪೀಪಾಯಿ ಕೆಂಪು ವೈನ್. ಯಾವುದು ಎಲ್ಲ ಬೆರೆಸೋ ದೊಡ್ಡ ಟ್ಯಾಂಕಿಗೆ, ಯಾವುದು ಬೇಡ ಅಂತ ಮೂವತ್ತು ವರ್ಷದಿಂದ ಮೂಸಿ ನೋಡಿ ತೀರ್ಮಾನಿಸೋದು ಅತ್ತೆಯೇ. ಹನ್ನೊಂದು ವರ್ಷ ಗ್ಲಾಸ್ ತೊಳೆದಿದ್ದೀನಿ, ಒಂದು ದಿನವೂ ನನ್ನ ಅಭಿಪ್ರಾಯ ಕೇಳಿದವರಲ್ಲ. ಇವತ್ತು ಕೇಳಿದರು, ನಿನಗೆ ಹೇಗನ್ನಿಸುತ್ತೆ ಅಂತ. ಗ್ಲಾಸ್ ಕೈ ಜಾರೋದೊಂದು ಬಾಕಿ.

ಅಕ್ಟೋಬರ್ 5
ಏಳನೇ ಪೀಪಾಯಿ ಒದ್ದೆ ಮಣ್ಣಿನ ವಾಸನೆ, ಕೊನೆಗೆ ಚೂರು ಹುಳಿ ಅಂದಿದ್ದೆ. ದ್ರಾಕ್ಷಿ ತೋಟದ ಯಜಮಾನರು ಫೋನ್ ಮಾಡಿದಾಗ ಅತ್ತೆ ಅದನ್ನೇ ಒಪ್ಪಿಸಿದರು, ಒಂದಕ್ಷರ ಬಿಡದೆ. ನನ್ನ ಹೆಸರಿಲ್ಲ. ಪಿತ್ತ ನೆತ್ತಿಗೇರಿತು. ರಾತ್ರಿ ನನ್ನ ಗಂಡನ ಹತ್ತಿರ ಹೇಳಿಕೊಂಡೆ. ಅಮ್ಮನ ವಿಷಯ ಅಂದ್ರೆ ಇವರಿಗೆ ಕಿವಿಯೇ ಕೇಳಿಸಲ್ಲ. ದಿಂಬು ತಿರುಗಿಸಿ ಮಲಗಿದರು.

ಅಕ್ಟೋಬರ್ 9
ಬರೆಯೋಕೆ ನಾಚಿಕೆ.
ಬೆಳಿಗ್ಗೆ ಹನ್ನೊಂದನೇ ಪೀಪಾಯಿ. ಕೋಪ ಇನ್ನೂ ಇಳಿದಿರಲಿಲ್ಲ. ಮೂಸಿಯೂ ನೋಡದೆ ‘ಚೆನ್ನಾಗಿದೆ’ ಅಂದುಬಿಟ್ಟೆ. ಅತ್ತೆ ಗ್ಲಾಸ್ ತಿರುಗಿಸಿದರು, ತುಂಬಾ ಹೊತ್ತು ಮೂಸಿದರು, ಹೌದು ಅಂತ ತಲೆಯಾಡಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಮಧ್ಯಾಹ್ನ ಅದರ ಮುಚ್ಚಳ ತೆಗೆದೆ — ಮೂಗು ಉರಿದುಹೋಯಿತು. ವಿನೆಗರ್ ಆಗಿಬಿಟ್ಟಿದೆ. ಸಣ್ಣ ಮಗು ಮೂಸಿದರೂ ಹೇಳುತ್ತೆ.
ಮನೆಗೆ ಬಂದರೆ ಒಲೆ ಮೇಲೆ ಹಾಲು ಸೀದು ಕರಕಲು. ಅತ್ತೆ ಪಕ್ಕದಲ್ಲೇ ಬೆನ್ನು ಹಾಕಿ ಬಟಾಣಿ ಸುಲೀತಿದ್ದಾರೆ, ಅವರ ಪಾಡಿಗೆ.
ಆಗಸ್ಟ್‌ನಲ್ಲಿ ಅತ್ತೆಗೆ ಜ್ವರ ಬಂದಿತ್ತಲ್ಲ... ಅಯ್ಯೋ ದೇವರೇ. ನನ್ನ ಮಾತು ಕದೀತಿರಲಿಲ್ಲ ಅವರು. ನನ್ನ ಮೇಲೆ ಭಾರ ಹಾಕಿ ನಡೀತಿದ್ದರು. ಪಾಪ.

ಅಕ್ಟೋಬರ್ 10
ನಾಳೆ ಯಜಮಾನರು ಬರ್ತಾರೆ. ಗುರುತಿರೋದೆಲ್ಲ ಟ್ಯಾಂಕಿಗೆ. ಹನ್ನೊಂದನೇದು ಸೇರಿದರೆ ವರ್ಷದ ವೈನ್ ಪೂರ್ತಿ ಹಾಳು. ಬಾಯಿಬಿಟ್ಟರೆ ಅತ್ತೆಯ ಮರ್ಯಾದೆ ಹೋಗುತ್ತೆ. ಯಾರೂ ಇಲ್ಲದಾಗ ಗುರುತು ಒರೆಸಿದೆ. ಸಂಜೆ ನೋಡಿದರೆ ಮತ್ತೆ ಇದೆ. ತೇವಕ್ಕೆ ಅಳಿಸಿಹೋಗಿತ್ತು, ಬರೆದೆ ಅಂದರು ಅತ್ತೆ.

ಅಕ್ಟೋಬರ್ 11, ಮಧ್ಯಾಹ್ನ
ಪಂಪಿನ ಪೈಪ್ ಹನ್ನೊಂದನೇ ಪೀಪಾಯಿಗೆ ಇಳಿಸೋ ಹೊತ್ತಿಗೆ ತಡೆಯಲಾಗಲಿಲ್ಲ. ‘ಅತ್ತೆ, ಅದು ಬೇಡ’ ಅಂದೆ. ಯಜಮಾನರು ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಮುಖ ನೋಡಿದರು. ಒಂದು ಗ್ಲಾಸ್ ತೆಗೆದು ಮೂಗಿಗೆ ಹಿಡಿದು, ಹಾಗೇ ಕೆಳಗಿಟ್ಟರು.
‘ಯಜಮಾನರೇ, ಆಗಸ್ಟ್ ಜ್ವರದಲ್ಲಿ ನನ್ನ ಮೂಗು ಹೋಯ್ತು. ಈ ಸಲ ನಾನು ಹೇಳಿದ್ದೆಲ್ಲ ಇವಳ ಮಾತು. ಇವಳು ಬೇಡ ಅಂದರೆ ಬೇಡ.’
ಕೋಪಕ್ಕೆ ಮೂಸದೇ ‘ಚೆನ್ನಾಗಿದೆ’ ಅಂದಿದ್ದೆ ಅಂತ ನಾನು ಎಲ್ಲರೆದುರೇ ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ. ಸೀಮೆಸುಣ್ಣ ನನ್ನ ಕೈಲಿಟ್ಟು ಹೊರಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಅಕ್ಟೋಬರ್ 19
ಒಂದು ವಾರ ಬರೆಯಲಿಲ್ಲ. ಅತ್ತೆ ನೆಲಮಾಳಿಗೆಗೇ ಇಳಿದಿರಲಿಲ್ಲ. ಮಾತೂ ಅಷ್ಟಕ್ಕಷ್ಟೇ.
ಇವತ್ತು ಟ್ಯಾಂಕಿನಿಂದ ಒಂದು ಗ್ಲಾಸ್ ತುಂಬಿ ಮನೆಗೇ ತಂದೆ. ಅಡುಗೆಮನೆ ಬೆಂಚಿನ ಮೇಲೆ ಕೂತಿದ್ದರು. ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. ಕಣ್ಣಂಚಲ್ಲಿ ನೀರು.
‘ತಣ್ಣಗಿದೆ ಅಂತಷ್ಟೇ ಗೊತ್ತಾಗುತ್ತೆ ಕಣೇ. ನೀನು ಹೇಳು. ನಿಧಾನಕ್ಕೆ ಹೇಳು.’
ಪಕ್ಕದಲ್ಲೇ ಕೂತೆ. ಮೊದಲು ಚೆರ್ರಿ ಅತ್ತೆ, ಪೂರ್ತಿ ಹಣ್ಣಾಗದ್ದು ಅಂದೆ. ಹ್ಞೂಂ ಅಂದರು. ಆಮೇಲೆ ಸ್ವಲ್ಪ ಹೊಗೆ. ಹ್ಞೂಂ. ಆಮೇಲೆ...