ಖವಾ ನಾದಿದ ಬೆರಳು

ಅತ್ತೆಯವರಿಗೆ, ಚಿತ್ತಾಪುರದ ಮನೆಯಿಂದ ನಿಮ್ಮ ಸೊಸೆ ಬರೆಯುವುದು.

ನೀವು ತೀರಿಕೊಂಡು ಎರಡು ವರ್ಷವಾಯಿತು. ಬದುಕಿದ್ದಾಗ ನಿಮ್ಮೆದುರು ನಾಲ್ಕು ಮಾತು ಕೂಡಿಸಿ ಆಡಿದವಳಲ್ಲ ನಾನು. ಕಾಗದವಾದರೆ ನೀವು ನಡುವೆ ಬಾಯಿ ಹಾಕಲಾರಿರಿ.

ನಿಮ್ಮ ಮಗಳು ಸುಂದರಾಳ ನಿಶ್ಚಯದ ಹಿಂದಿನ ದಿನ ನೆನಪಿದೆಯೇ? ನಿಂಗಮ್ಮ ಎರಡು ಕೊಡ ಎಮ್ಮೆ ಹಾಲು ತಂದಿಟ್ಟಳು. ನಮ್ಮ ಓಣಿಗೆಲ್ಲ ವರ್ಷಾನುಗಟ್ಟಲೆ ಹಾಲು ಹಾಕುತ್ತಿದ್ದವಳು ಆಕೆಯೇ. ಮಡಿಯುಟ್ಟು ಆ ಹಾಲು ಕಾಸಿ ಖವಾ ಮಾಡಿದವಳು ನಾನು. ಸಂಜೆ ಸಕ್ಕರೆ ಹಾಕಿ ನಾದಿ ಪೇಢೆ ಕಟ್ಟಿದವಳೂ ನಾನೇ. ನನ್ನ ಬಲಗೈ ಬೆರಳಿಗೆ ಉಗುರುಸುತ್ತು ಆಗಿ ಕೀವು ತುಂಬಿತ್ತು. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಅಡುಗೆಮನೆಯಿಂದ ಹೊರಗೆ ಕೂಡಿಸುತ್ತಿದ್ದಿರಿ, ಆಮೇಲೆ ಕೆಲಸಗಳ್ಳಿ ಅಂತ ಬೀಗರ ಮುಂದೆ... ಬೆರಳಿಗೆ ಅರಿಶಿನ ಮೆತ್ತಿಕೊಂಡೆ. ಶುಭಕಾರ್ಯದ ಮನೆಯಲ್ಲಿ ಎಲ್ಲರ ಕೈಯೂ ಹಳದಿ. ಯಾರು ನೋಡುತ್ತಾರೆ?

ಮರುದಿನ ಸೇಡಮಿನ ಬೀಗರು ಬಂದರು. ನೈವೇದ್ಯವಾದ ಮೇಲೆ ಮೊದಲ ಪೇಢೆ ನೀವೇ ಬಾಯಿಗಿಟ್ಟುಕೊಂಡಿರಿ. "ಭಾಳ ಛಲೋ ಆಗ್ಯಾವ ನೋಡವಾ" ಅಂದಿರಿ. ನನ್ನನ್ನು ನೀವು ಹೊಗಳಿದ್ದು ಅದೊಂದೇ ಸಲ. ಊಟವಾಗಿ ಮೂರು ತಾಸಾಗಿರಲಿಲ್ಲ, ಬೀಗರು ಒಬ್ಬೊಬ್ಬರಾಗಿ ಹಿತ್ತಲಿಗೆ ಓಡಿದರು. ವರನ ಅಜ್ಜಿಯನ್ನು ಚಾಪೆಯ ಮೇಲೆ ಮಲಗಿಸಿ ಬಾಯಿಗೆ ನೀರು ಬಿಡುತ್ತ ಕೂತೆವು. ಆಕೆ ಉಳಿದದ್ದೇ ಹೆಚ್ಚು. ನೀವೂ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದ್ದಿರಿ. ನಿಶ್ಚಯ ಮುರಿಯಲಿಲ್ಲ. ಆದರೆ ಯಾರ ಮೇಲಾದರೂ ತಪ್ಪು ಹಾಕಲೇಬೇಕಿತ್ತು.

ನಿಂಗಮ್ಮ ಎಂದಿನಂತೆ ಹಾಲು ತಂದಾಗ ನೀವು ಹೊಸ್ತಿಲ ಮೇಲೆಯೇ ತಡೆದಿರಿ.

"ಕೆಟ್ಟ ಹಾಲು ಕೊಟ್ಟು ನಮ್ಮ ಮಾನ ಕಳದಿ."

"ಹನಿ ನೀರೂ ಹಾಕಿಲ್ರಿ ಅವ್ವಾರೆ, ನನ್ನ ಎಮ್ಮಿ ಆಣಿ."

"ಇನ್ನ ಮ್ಯಾಲ ಈ ಓಣ್ಯಾಗ ಕಾಲಿಡಬ್ಯಾಡ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಹಾಲು ಕೆಟ್ಟಿದ್ದರೆ ಕಾಸುವಾಗಲೇ ಒಡೆಯುತ್ತಿತ್ತು. ಒಡೆದಿರಲಿಲ್ಲ. ಅದು ನನಗೆ ಗೊತ್ತಿತ್ತು. ದಿನಾ ಹೆಪ್ಪು ಹಾಕುತ್ತಿದ್ದ ನಿಮಗೆ ಹೊಳೆಯಲಿಲ್ಲವೇ? ವಾರದೊಳಗೆ ಎಲ್ಲ ಮನೆಯವರೂ ಆಕೆಯ ಹಾಲು ಬಿಟ್ಟರು. ಎಮ್ಮೆ ಮಾರಿ ವಾಡಿಯ ಕಲ್ಲಿನ ಗಣಿಗೆ ಹೋದಳೆಂದು ಕೇಳಿದೆ.

ಈ ಬೇಸಿಗೆಯಲ್ಲಿ ನನ್ನ ತಮ್ಮ ಹೈದರಾಬಾದಿನಲ್ಲಿ ಡಾಕ್ಟರಿ ಮುಗಿಸಿ ಬಂದ. ಮಾತಿನ ನಡುವೆ ಆ ದಿನದ ಸಂಗತಿ ಹೇಳಿದೆ. "ಪೇಢೆ ಕಟ್ಟಿದವ್ರ ಕೈಗೆ ಗಾಯ ಇತ್ತೇನು?" ಎಂದು ಕೇಳಿದ. ನಾನು ಬೆರಳು ಮಡಚಿಕೊಂಡೆ. ಅಲ್ಲಿಯ ಕಾಲೇಜಿನಲ್ಲಿ ಎಲ್ಲವನ್ನೂ ಉರ್ದುವಿನಲ್ಲೇ ಓದಿದವ, ಜರಾಸೀಮ್ ಅಂದ. ಇಂಗ್ಲಿಷಿನಲ್ಲಿ ಬ್ಯಾಕ್ಟೀರಿಯಾ ಅಂತೆ. ಹಾಲನ್ನು ಮೊಸರು ಮಾಡುವವೂ ಅವೇ, ಕಣ್ಣಿಗೆ ಕಾಣದ ಜೀವಿಗಳು. ಅವು ಹುಳಿ ತರುತ್ತವೆ, ನಾಲಿಗೆಗೆ ತಿಳಿಯುತ್ತದೆ. ಕೀವಿನೊಳಗಿನ ಜಾತಿ ಬೇರೆ. ಬೆಚ್ಚಗಿನ ಖವಾದಲ್ಲಿ ಸದ್ದಿಲ್ಲದೆ ಬೆಳೆದು ನಂಜು ಬಿಡುತ್ತವೆ. "ರುಚಿ ಕೆಡೂದಿಲ್ಲ ಅಕ್ಕ, ವಾಸನಿನೂ ಬರೂದಿಲ್ಲ. ತಿರುಗಿ ಕಾಸಿದ್ರೂ ಆ ನಂಜು ಹೋಗೂದಿಲ್ಲ." ನಾಲಿಗೆಯಿಂದಲೇ ಇಡೀ ಅಡುಗೆಮನೆ ಆಳಿದವರು ನೀವು. ನಂಬುತ್ತಿದ್ದಿರೋ ಇಲ್ಲವೋ.

ಹೋದ ವಾರ ರೈಲು ಹತ್ತಿ ವಾಡಿಗೆ ಹೋದೆ. ನಿಂಗಮ್ಮ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುತ್ತಿದ್ದಳು. ಬಿಸಿಲಿಗೆ ಅರ್ಧವಾಗಿದ್ದಾಳೆ. ಬೆರಳು ತೋರಿಸಿ ಎಲ್ಲ ಹೇಳಿದೆ. ಆಕೆ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡಳು.

"ನನಗ್ಯಾಕ ಹೇಳಾಕತ್ತೀರಿ ಅವ್ವಾರೆ? ನನ್ನ ಹಾಲು ಛಲೋ ಇತ್ತಂತ ನನಗ ಗೊತ್ತದ. ನಿಮ್ಮ ಓಣ್ಯಾಗ ಹೇಳ್ರಿ."

ಅಷ್ಟೇ ಅಂದು ಕಲ್ಲಿನ ಕಡೆ ನಡೆದಳು. ಮರಳುವ ಗಾಡಿ ಬರುವವರೆಗೆ ನಾನು ಸ್ಟೇಷನ್ನಿನಲ್ಲಿ ಕೂತಿದ್ದೆ.

ನಾಳೆ ಶುಕ್ರವಾರ. ಓಣಿಯ ಎಲ್ಲ ಮನೆಗಳಿಗೂ ಕುಂಕುಮಕ್ಕೆ ಹೇಳಿ ಕಳಿಸಿದ್ದೇನೆ. ನಿಮ್ಮ ಮಗ, "ಹೇಳೋದಿದ್ರ ಹೇಳು, ಅವ್ವನ ಹೆಸರು ಮಾತ್ರ ತೆಗೀಬ್ಯಾಡ" ಅಂದರು. ತೆಗೆಯದೆ ಹೇಗೆ ಹೇಳಲಿ? ನಿಂಗಮ್ಮನನ್ನು ಓಣಿ ಬಿಡಿಸಿದವರು ನೀವು, ಬಾಯಿ ಮುಚ್ಚಿಕೊಂಡವಳು ನಾನು. ಇಬ್ಬರ ಹೆಸರನ್ನೂ ಹೇಳುತ್ತೇನೆ, ಅತ್ತೆಯವರೇ. ನನ್ನದು ಮೊದಲು.