ಜಗ್ಗಿಹೋದ ಹೆಡ್ ಬೋಲ್ಟು

೧೪ ನವೆಂಬರ್ ೧೯೯೬, ಗುರುವಾರ. ಉಮರ್ಗಾ.

ಇವತ್ತು ಮಾಡಿದ್ದನ್ನು ಇಲ್ಲಾದರೂ ಬರೆದಿಡುತ್ತೇನೆ. ಭೂಕಂಪದಲ್ಲಿ ಮನೆ ಕಳೆದುಕೊಂಡವರ ಹೊಸ ಊರಿಗೆ ಸಿಮೆಂಟ್ ಒಯ್ಯುವ ಕಾಶೆಪ್ಪನವರ ಲಾರಿಯನ್ನು ಗ್ಯಾರೇಜಿಗೆ ಎಳೆದು ತಂದರು. ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್‌ನ ಕೆಳಗಿನ ಗ್ಯಾಸ್ಕೆಟ್ ಸುಟ್ಟು, ಇಂಜಿನ್ ಆಯಿಲಿಗೆ ನೀರು ಸೇರಿತ್ತು. ಹೋದ ತಿಂಗಳು ಆ ಹೆಡ್ ಕೂರಿಸಿದವನು ನಾನೇ. ಆದರೂ ಎಲ್ಲರೆದುರು, "ಡ್ರೈವರ್ ರೇಡಿಯೇಟರ್ ನೀರ ನೋಡ್ದೇ ಓಡ್ಸ್ಯಾನ್ರೀ" ಎಂದುಬಿಟ್ಟೆ. ಕಾಶೆಪ್ಪನವರು ಡ್ರೈವರ್ ಗುರುಲಿಂಗನನ್ನು ಅಲ್ಲೇ ಕೆಲಸದಿಂದ ತೆಗೆದರು.

ಆಮೇಲೆ ಹೆಡ್ ಬಿಚ್ಚಿದೆ. ಬೋಲ್ಟುಗಳು ಜಗ್ಗಿ, ನಡುವೆ ಸಣ್ಣಗಾಗಿದ್ದವು; ಹೆಡ್ ಸಡಿಲಾಗಿ ಗ್ಯಾಸ್ಕೆಟ್ ಸುಟ್ಟಿದ್ದು ಅದಕ್ಕೇ. ಹೊಸವು ಬರುವತನಕ ಕಾಯದೆ ಹಳೆಯವನ್ನೇ ಹಾಕಿದ್ದೆ. ಬೋಲ್ಟು ಬಿಗಿಯುವ ಪಾನಾ ತಿರುಗಿಸಿದಷ್ಟೂ ಅವು ಬಿಗಿಯಾಗದೆ ಜಗ್ಗುತ್ತಿದ್ದದ್ದು ಅಂದೇ ಕೈಗೆ ಗೊತ್ತಾಗಿತ್ತು.

ಬಸ್ ಸ್ಟ್ಯಾಂಡಿಗೆ ಓಡಿದೆ. ಗುರುಲಿಂಗ ಹಾಸಿಗೆ ಸುತ್ತಿಕೊಂಡು ನಿಲಂಗಾ ಬಸ್ಸಿಗೆ ಕಾಯುತ್ತಿದ್ದ. ತಪ್ಪು ನನ್ನದು ಎಂದೆ.

"ನಂಗ ಗೊತ್ತದ ಮಿಸ್ತ್ರಿ," ಎಂದ. "ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಮಾಲಕರ ಮುಂದ ಹೇಳ್ರಿ."

ಹೂಂ ಎಂದು ನೇರ ಕಾಶೆಪ್ಪನವರ ಅಂಗಡಿಗೆ ಹೋದೆ.

"ಬರ್ರಿ ಮಿಸ್ತ್ರಿ, ಛಲೋ ಆತು ನೀವು ಹೇಳಿದ್ದು. ಚಾ ಕುಡೀರಿ," ಎಂದರು.

ಕುಡಿದೆ. ಏನೂ ಹೇಳದೆ ಎದ್ದು ಬಂದೆ.