ಡಿಸ್ಕಾರ್ಡ್ ಎಂದು ಬರೆದ ಬೀಜ

ಬಿಬಿಜಾನ್,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀನು ಕೊಟ್ಟ ಮೆಣಸಿನಕಾಯಿ ಬೀಜವನ್ನು ಯಾರೋ ಬ್ಯಾಡಗಿ ಬಸ್‌ಸ್ಟ್ಯಾಂಡಿನ ಗಟಾರಕ್ಕೆ ಸುರಿಯುತ್ತಿದ್ದರು. ಎದ್ದು ಡಬ್ಬಿ ತೆಗೆದು ನೋಡಿದೆ. ಬೀಜ ಇತ್ತು.

ಸಸಿಮಡಿಗೆ ಹಾಕುವ ಮೊದಲು ಮೊಳಕೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಹತ್ತಿ, ಒಂದು ಚಿಟಿಕೆ ಬೀಜವನ್ನು ರಾಣೆಬೆನ್ನೂರಿನ ಬೀಜದಂಗಡಿಗೆ ಪರೀಕ್ಷೆಗೆ ಕೊಟ್ಟಿದ್ದೆ. ನಿನ್ನೆ ಹೋದರೆ ಪೊಟ್ಟಣದ ಮೇಲೆ ಡಿಸ್ಕಾರ್ಡ್ ಎಂದು ಬರೆದಿದ್ದರು. ಐದನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅದೇನು ತಿಳಿಯಬೇಕು? ಅಂಗಡಿಯ ದುರುಗೇಶನನ್ನು ಕೇಳಿದೆ.

"ಚೆಲ್ಲಿಬಿಡು ಅಂತ, ಅಕ್ಕಾ. ಮೊಳಕಿ ಭಾಳ ಕಡಿಮಿ ಬಂದಾವ."

ಹೊರಗೆ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ಚಮನಸಾಬ ನಕ್ಕ. "ಏ, ನಮ್ಮ ರಮ್ಮಿಯೊಳಗ ಡಿಸ್ಕಾರ್ಡ್ ಅಂದ್ರ ಬ್ಯಾಡಾದ ಎಲಿ ಕೆಳಗ ಇಡೋದು. ಬೇಕಾದವ ಎತ್ಕೊತಾನ!"

"ಕಾಕಾ, ನೀ ಸುಮ್ನ ನಿನ್ನ ಎಲಿ ನೋಡ್ಕೊ," ಎಂದ ದುರುಗೇಶ.

ಚೆಲ್ಲಲೋ, ಇಡಲೋ, ಬಿತ್ತಲೋ, ಒಂದೂ ತಿಳಿಯುತ್ತಿಲ್ಲ. ಉಳಿದಿರುವುದು ಒಂದೇ ಹಿಡಿ. ನೀನು ಕಾಗಿನೆಲೆ ಬಿಟ್ಟ ಮೇಲೆ ಈ ತಳಿ ಬೇರೆ ಯಾರ ಹತ್ತಿರವೂ ಇಲ್ಲ. ನಿನ್ನನ್ನೇ ಕೇಳಬಹುದಿತ್ತು. ಆದರೆ ನಿನ್ನ ಮಗಳು ಸಾಜಿಯಾಳ ಮದುವೆಯಲ್ಲಿ ಜಗಳವಾಗಿ ನಮ್ಮಿಬ್ಬರ ನಡುವೆ ನಿಂತ ಮಾತು ಮತ್ತೆ ಕೂಡಲಿಲ್ಲ. ಇದನ್ನೂ ನಾನು ಅಂಚೆಗೆ ಹಾಕುವುದಿಲ್ಲ.

ದುರುಗೇಶ ಬೀಜವನ್ನು ನೆನೆಸದೆಯೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದನಂತೆ. ನೀನು ಯಾವಾಗಲೂ ನೆನೆಸಿಯೇ ಹಾಕುತ್ತಿದ್ದೆ; ಮೊಳಕೆ ಕಡಿಮೆ ಬಂದದ್ದು ಅದಕ್ಕೇ ಇರಬಹುದು. ಸ್ವಲ್ಪ ನೆನಪು ಮಾಡಿಕೊಂಡು ನೋಡು, ಬಿಬಿ. ನೆನೆಸುತ್ತಿದ್ದದ್ದು ಬರೀ ನೀರಿನಲ್ಲೋ, ಮಜ್ಜಿಗೆಯಲ್ಲೋ?